ಗಾಳಿಮಳೆಯಲ್ಲಿ ಊರಿಗೆ ಫೋನ್ ಯಾಕೆ ತಾಗುವುದಿಲ್ಲ? ಪದೇ ಪದೇ ಕೇಳುವ ಪ್ರಶ್ನೆಗಳು

ಜೂನ್ ಹತ್ತಿರವಾದ ಹಾಗೆ ಬೆಂಗಳೂರು, ಪುಣೆ, ಮುಂಬೈಗಳಲ್ಲಿರುವ ನಮ್ಮೂರಿನವರು ನನ್ನನ್ನು ಕೇಳುವ ಪ್ರಶ್ನೆಗಳು ಹೆಚ್ಚು ಕಡಿಮೆ ಇವೇ. ನಾನಿರುವುದು ಶಿರಸಿ–ಕುಮಟಾ ರಸ್ತೆಯಿಂದ ಒಳಗೆ, ದೇವಿಮನೆ ಘಟ್ಟದ ಮೇಲುಗಡೆಯ ಒಂದು ಕೇರಿಯಲ್ಲಿ. ಮನೆಯಿಂದಲೇ ಕಂಪ್ಯೂಟರ್ ಕೆಲಸ, ಜತೆಗೆ ಒಂದಿಷ್ಟು ಅಡಿಕೆ ತೋಟ. ಹೆಂಡತಿಯ ತವರು ಕಾರವಾರದ ಬಳಿ ಕಡಲಂಚಿನಲ್ಲಿ. ಹಾಗಾಗಿ ಘಟ್ಟದ ಮೇಲಿನ ಗಾಳಿಯೂ ಗೊತ್ತು, ಕೆಳಗಿನದೂ ಗೊತ್ತು. ಒಬ್ಬೊಬ್ಬರಿಗೂ ಫೋನಿನಲ್ಲಿ ಹೇಳೋಣವೆಂದರೆ ಆ ಹೊತ್ತಿಗೆ ಫೋನೇ ಇರುವುದಿಲ್ಲ. ಅದಕ್ಕೇ ಬರೆದಿಟ್ಟಿದ್ದು.

ಗಾಳಿ ಜೋರಾದ ಕೂಡಲೇ ನೆಟ್‌ವರ್ಕ್ ಹೋಗುತ್ತದೆ. ಸಿಗ್ನಲ್ಲನ್ನು ಗಾಳಿ ಹೊತ್ತುಕೊಂಡು ಹೋಗುತ್ತದೆಯೇ?

ಇಲ್ಲ. ಟವರಿನಿಂದ ನಿಮ್ಮ ಮೊಬೈಲಿಗೆ ಬರುವುದು ರೇಡಿಯೋ ಅಲೆ. ಅದಕ್ಕೆ ಗಾಳಿಯ ಹಂಗಿಲ್ಲ. ಗಾಳಿ ಹೊತ್ತೊಯ್ಯುವುದು ಕರೆಂಟನ್ನು. ಎಲ್ಲೋ ಒಂದು ಮತ್ತಿ ಮರದ ಹೆರೆ 11 ಕೆವಿ ಲೈನಿನ ಮೇಲೆ ಬೀಳುತ್ತದೆ, ಸಬ್‌ಸ್ಟೇಷನ್ನಿನಲ್ಲಿ ಲೈನ್ ಟ್ರಿಪ್ ಆಗುತ್ತದೆ, ಟವರಿಗೆ ಕರೆಂಟು ಇಲ್ಲವಾಗುತ್ತದೆ. ಬ್ಯಾಟರಿಯ ಮೇಲೆ ಕೆಲವು ತಾಸು ಎಳೆಯುತ್ತದೆ. ಆಮೇಲೆ ಬೆಂಗಳೂರಿನಲ್ಲಿ ಕುಳಿತ ನಿಮಗೆ ಕೇಳಿಸುವುದು 'ನೀವು ಕರೆ ಮಾಡಿದ ಚಂದಾದಾರರು ವ್ಯಾಪ್ತಿ ಪ್ರದೇಶದಿಂದ ಹೊರಗಿದ್ದಾರೆ'. ಚಂದಾದಾರರು ಎಲ್ಲಿಗೂ ಹೋಗಿರುವುದಿಲ್ಲ. ಜಗುಲಿಯಲ್ಲಿ ಕುಳಿತು ಕವಳ ಹಾಕುತ್ತಿರುತ್ತಾರೆ.

ಗಾಳಿ ನೇರವಾಗಿ ಕೈಯಿಡುವ ಜಾಗ ಒಂದಿದೆ. ಒಳಗಿನ ಕೆಲವು ಟವರುಗಳಿಗೆ ಕೇಬಲ್ ಬಂದಿರುವುದಿಲ್ಲ. ಗುಡ್ಡದಿಂದ ಗುಡ್ಡಕ್ಕೆ ಮುಖಾಮುಖಿ ಕೂರಿಸಿದ ಮೈಕ್ರೋವೇವ್ ತಟ್ಟೆಗಳ ಮೂಲಕ ಸಂಪರ್ಕ ಇರುತ್ತದೆ. ಗಾಳಿಯ ಹೊಡೆತಕ್ಕೆ ಅಂಥ ತಟ್ಟೆ ತುಸು ಮುಖ ತಿರುಗಿಸಿದರೂ ಸಾಕು. ಆಗ ಮೊಬೈಲಿನಲ್ಲಿ ಸಿಗ್ನಲ್ ಗೆರೆಗಳು ಪೂರ್ತಿ ಕಾಣುತ್ತವೆ, ನೆಟ್ ಮಾತ್ರ ಇಲ್ಲ.

ಟವರಿಗೆ ಡೀಸೆಲ್ ಜನರೇಟರ್ ಇರುತ್ತದಲ್ಲ?

ಕೆಲವಕ್ಕೆ ಇದೆ. ಡೀಸೆಲ್ ತುಂಬಲು ಗಾಡಿ ಬರಬೇಕು, ಲೈನಿನ ಮೇಲೆ ಬಿದ್ದ ಮರವೇ ರಸ್ತೆಗೂ ಅಡ್ಡ ಮಲಗಿರುತ್ತದೆ.

ಮಳೆಗಾಲ ಶುರುವಾಗುವ ಮೊದಲೇ, ಏಪ್ರಿಲ್–ಮೇನಲ್ಲೇ ಕರೆಂಟು ಹೋಗುತ್ತದಲ್ಲ, ಅದ್ಯಾಕೆ?

ನನ್ನನ್ನು ಕೇಳಿದರೆ ಹೆಚ್ಚು ಹಾಳು ಮಾಡುವುದು ಅದೇ ಗಾಳಿ. ಜೂನಿನ ಮಳೆ ಪಡುವಣ ದಿಕ್ಕಿನಿಂದ, ಸಮುದ್ರದ ಮೇಲಿಂದ ಬರುವಂಥದು. ದಿನಗಟ್ಟಲೆ ಒಂದೇ ಸಮನೆ ದಬ್ಬುತ್ತದೆ. ಏಪ್ರಿಲ್–ಮೇ ತಿಂಗಳ ಅಡ್ಡಮಳೆ ಹಾಗಲ್ಲ. ಮಧ್ಯಾಹ್ನದವರೆಗೆ ಸೆಕೆ, ನಾಲ್ಕು ಗಂಟೆಗೆ ಮೂಡುಗಡೆ ಕಪ್ಪು ಕಟ್ಟುತ್ತದೆ, ಹತ್ತೇ ನಿಮಿಷ ಗಾಳಿ, ಗುಡುಗು, ಸಿಡಿಲು. ಬೇಸಿಗೆಯಿಡೀ ಒಣಗಿ ನಿಂತ ಹೆರೆಗಳೆಲ್ಲ ಆ ಹತ್ತು ನಿಮಿಷದಲ್ಲಿ ಉದುರುತ್ತವೆ. ವರ್ಷವಿಡೀ ಒಂದು ಕಡೆಯ ಗಾಳಿಗೆ ಒಗ್ಗಿಕೊಂಡ ಮರಕ್ಕೆ ಎದುರು ದಿಕ್ಕಿನಿಂದ ಹೊಡೆತ ಬಿದ್ದರೆ ತಡೆಯುವುದಿಲ್ಲ ಎಂದು ನಮ್ಮಪ್ಪ ಹೇಳುತ್ತಿದ್ದರು. ಅಡಿಕೆ ಮರ ಸೊಂಟ ಮುರಿದುಕೊಳ್ಳುವುದನ್ನು ನೋಡಿದವರಿಗೆ ಇದು ಗೊತ್ತು.

ಲೆಕ್ಕವೂ ಒಂದಿದೆ. ಗಾಳಿಯ ವೇಗ ಎರಡು ಪಟ್ಟಾದರೆ ಅದರ ಒತ್ತಡ ನಾಲ್ಕು ಪಟ್ಟಾಗುತ್ತದೆ. ಗಂಟೆಗೆ 30 ಕಿ.ಮೀ. ಗಾಳಿಯಲ್ಲಿ ತಲೆಯಾಡಿಸುತ್ತಿದ್ದ ಮರ 60ರಲ್ಲಿ ತಾಳಿಕೊಳ್ಳಬೇಕಾದ್ದು ನಾಲ್ಕರಷ್ಟು.

ಹವಾಮಾನ ಇಲಾಖೆಯ ಆರೆಂಜ್ ಅಲರ್ಟ್ ಅಂದರೆ ಗಾಳಿಯ ಎಚ್ಚರಿಕೆಯೇ?

ಟಿವಿಯಲ್ಲಿ ಬರುವ ಆರೆಂಜ್, ರೆಡ್ ಹೆಚ್ಚಾಗಿ ಮಳೆಯದ್ದು. 24 ಗಂಟೆಯಲ್ಲಿ 115.6ರಿಂದ 204.4 ಮಿ.ಮೀ. ಮಳೆ ಬರುವಂತಿದ್ದರೆ ಆರೆಂಜ್, ಅದಕ್ಕೂ ಮೇಲಾದರೆ ರೆಡ್. ಗಾಳಿಯದ್ದು ತಿಳಿಯಬೇಕಾದರೆ ಮೀನುಗಾರರಿಗೆ ಕೊಡುವ ಮುನ್ಸೂಚನೆ ನೋಡಿ; ಅದರಲ್ಲಿ ವೇಗವನ್ನು ಅಂಕಿಯಲ್ಲೇ ಹೇಳುತ್ತಾರೆ. ಗಂಟೆಗೆ 62 ಕಿ.ಮೀ. ಮುಟ್ಟಿದರೆ ಅದು ಚಂಡಮಾರುತದ ಲೆಕ್ಕ. ಘಟ್ಟದ ಮೇಲಿನವರು ಮೀನುಗಾರರ ಸುದ್ದಿ ನಮಗ್ಯಾಕೆ ಎಂದು ಚಾನೆಲ್ ಬದಲಿಸುತ್ತಾರೆ. ಅಲ್ಲಿ ಬೀಸಿದ್ದು ಬಹಳ ತಡವಿಲ್ಲದೆ ನಮ್ಮ ಸೋಗೆ ತಟ್ಟಿಗೂ ಬಂದು ತಾಗುತ್ತದೆ.

2021ರ ಮೇ ತಿಂಗಳ ತೌಕ್ತೆಯನ್ನು ನೆನೆಯಿರಿ. ಚಂಡಮಾರುತ ನಮ್ಮ ಕರಾವಳಿಯನ್ನು ಏರಲೇ ಇಲ್ಲ, ಸಮುದ್ರದಲ್ಲೇ ಬಡಗು ದಿಕ್ಕಿಗೆ ಸಾಗಿ 17ರಂದು ಗುಜರಾತಿನಲ್ಲಿ ನೆಲ ಮುಟ್ಟಿತು. ಹಾದುಹೋದ ಹೊಡೆತಕ್ಕೇ ಭಟ್ಕಳದಿಂದ ಕಾರವಾರದವರೆಗೆ ಕಂಬಗಳು ಉರುಳಿದವು, ಅಲೆ ಮನೆಯಂಗಳಕ್ಕೆ ಬಂತು. ಅದೂ ಲಾಕ್‌ಡೌನ್ ದಿನಗಳಲ್ಲಿ, ಕಚೇರಿಯೆಲ್ಲ ಮೊಬೈಲಿನೊಳಗೆ ಸೇರಿಕೊಂಡಿದ್ದಾಗ.

ಜಿಲ್ಲೆಯಲ್ಲೇ ಕೈಗಾ ಅಣುಸ್ಥಾವರ ಇದೆ, ಕದ್ರಾ, ಕೊಡಸಳ್ಳಿ, ಗೇರುಸೊಪ್ಪದ ಜಲವಿದ್ಯುತ್ ಕೇಂದ್ರಗಳೆಲ್ಲ ಇವೆ. ನಮಗೇ ಕರೆಂಟಿಲ್ಲವೇ?

ಪ್ರತಿ ಮದುವೆ ಮನೆಯ ಪಂಕ್ತಿಯಲ್ಲೂ ಏಳುವ ಪ್ರಶ್ನೆ. ಕೈಗಾದಲ್ಲಿ 220 ಮೆಗಾವ್ಯಾಟಿನ ನಾಲ್ಕು ಘಟಕ, ಅಂದರೆ 880. ಕದ್ರಾ 150, ಕೊಡಸಳ್ಳಿ 120, ಗೇರುಸೊಪ್ಪ 240. ಆದರೆ ಆ ಕರೆಂಟು ಹೊರಡುವುದು ದೊಡ್ಡ ಕಬ್ಬಿಣದ ಗೋಪುರಗಳ ಮೇಲೆ, ಅಗಲಕ್ಕೆ ಕಾಡು ಸವರಿದ ದಾರಿಯಲ್ಲಿ. ಅಲ್ಲಿ ಮರ ಬೀಳುವುದೇ ಅಪರೂಪ. ನಮ್ಮ ಮನೆ ಜೋತುಬಿದ್ದಿರುವುದು ಅದರ ಕೊಟ್ಟಕೊನೆಯ ಬಾಲಕ್ಕೆ: ಸಬ್‌ಸ್ಟೇಷನ್ನಿನಿಂದ ಹೊರಟ 11 ಕೆವಿ ಲೈನು ಹತ್ತಾರು ಕಿಲೋಮೀಟರ್ ಬೆಟ್ಟ, ಬ್ಯಾಣ, ಗದ್ದೆ ದಾಟಿ, ಟಿಸಿಗೆ (ಟ್ರಾನ್ಸ್‌ಫಾರ್ಮರಿಗೆ) ಬಂದು, ಅಲ್ಲಿಂದ ಎರಡು ಮನೆ ಒಂದು ಕಡೆ, ಮೂರು ಮನೆ ಇನ್ನೊಂದು ಕಡೆ. ಮನೆಗಳು ಇಷ್ಟು ಚದುರಿರುವ ಊರಿನಲ್ಲಿ ಒಂದು ಮನೆಯ ಪಾಲಿಗೆ ಬರುವ ತಂತಿಯ ಉದ್ದವೇ ಜಾಸ್ತಿ, ಅದರ ಮೇಲೆ ಬೀಳಲು ಕಾದಿರುವ ಮರವೂ ಜಾಸ್ತಿ.

ಒಂದು ಹೆರೆ ತೆಗೆಯಲು ಎರಡು ದಿನ ಬೇಕೇ?

ತೆಗೆಯಲು ಹತ್ತು ನಿಮಿಷ. ಹುಡುಕಲು ಎರಡು ದಿನ.

ಒಂದು ಆರಿದ್ರಾ ಮಳೆಯಲ್ಲಿ ನಮ್ಮ ಫೀಡರು, ಅಂದರೆ ಊರಿಗೆ ಬರುವ 11 ಕೆವಿ ಲೈನು, ಇದೇ ರೀತಿ ಸತಾಯಿಸಿತು. ಚಾರ್ಜ್ ಮಾಡಿದರೆ, ಅಂದರೆ ಲೈನಿಗೆ ಕರೆಂಟು ಬಿಟ್ಟರೆ, ತುಸು ಹೊತ್ತು ಇರುತ್ತದೆ, ಕಾಲು ಗಂಟೆಗೆ ಟ್ರಿಪ್. ಎರಡನೇ ದಿನ ಬೆಳಿಗ್ಗೆ ಲೈನ್‌ಮನ್ ಬಂದ. ವಿಜಯಪುರದ ಕಡೆಯ ಹುಡುಗ, ನೌಕರಿಗೆ ಸೇರಿ ಮೊದಲ ಮಳೆಗಾಲ. ದಾರಿ ತೋರಿಸಲು ನಾನೂ ಕತ್ತಿ ಹಿಡಿದು ಜತೆಗೆ ಹೋದೆ. ಲೈನಿನ ಬುಡದಲ್ಲೇ ನಡೆದೆವು, ಉಂಬಳದ ಕಾಟ ಬೇರೆ. ಮೂರು ಕಡೆ ಮೇಲೆ ನೋಡಿ ತಲೆಯಾಡಿಸಿದ. "ಏನ್ರಿ ಸರ ಇದು, ನಿಮ್ಮೂರಾಗ ಕಂಬಕ್ಕಿಂತ ಗಿಡಾನ ಜಾಸ್ತಿ ಅದಾವಲ್ರಿ" ಅಂದ. ಅವರ ಕಡೆ ಮರಕ್ಕೂ ಗಿಡವೆನ್ನುತ್ತಾರೆ. ನೂರಡಿಯ ಮತ್ತಿಯನ್ನು ಗಿಡವೆಂದದ್ದು ಕೇಳಿ ನನಗೆ ನಗು.

ಲೈನಿನ ಮೇಲೆ ಎಲ್ಲೂ ಏನೂ ಬಿದ್ದಿರಲಿಲ್ಲ. ಇನ್ನೇನು ವಾಪಸಾಗಬೇಕು, ಒಂದು ಗಾಳಿ ಬಂತು. ಹಳ್ಳದ ಬದಿಯ ಬಿದಿರು ಮೆಳೆಯಿಂದ ಒಂದೇ ಒಂದು ಗಳ ನಿಧಾನವಾಗಿ ಬಾಗಿ, ತುದಿಯ ಎಲೆಗಳಿಂದ ತಂತಿಯನ್ನು ಸವರಿ, ಗಾಳಿ ನಿಂತ ಕೂಡಲೇ ನೆಟ್ಟಗೆ ಎದ್ದು ನಿಂತಿತು. ಹುಡುಗ "ಇದಾ ನೋಡ್ರಿ ಕಳ್ಳ" ಎಂದು ಕೂತೇಬಿಟ್ಟ. ಎರಡು ದಿನದಿಂದ ಗಾಳಿ ಬಂದಾಗ ಮಾತ್ರ ಮುಟ್ಟುತ್ತಿತ್ತು, ಯಾರಾದರೂ ನೋಡುವಾಗ ಸಾಧುವಾಗಿ ನಿಂತಿರುತ್ತಿತ್ತು.

ಕಳ್ಳ ಸಿಕ್ಕಿದರೂ ಕಡಿಯುವಂತಿಲ್ಲ. ಮೊದಲು ಸಬ್‌ಸ್ಟೇಷನ್ನಿಗೆ ಫೋನ್ ಮಾಡಿ ಎಲ್‌ಸಿ ತೆಗೆದುಕೊಳ್ಳಬೇಕು, ಅಂದರೆ ತಾನು ಹೇಳುವವರೆಗೆ ಲೈನ್ ಚಾರ್ಜ್ ಮಾಡುವುದಿಲ್ಲ ಎಂಬ ಖಾತ್ರಿ. ಫೋನ್ ಮಾಡಲು ನೆಟ್‌ವರ್ಕ್ ಬೇಕು. ನೆಟ್‌ವರ್ಕಿಗೆ ಟವರ್ ಬೇಕು, ಟವರಿಗೆ ಕರೆಂಟು ಬೇಕು, ಕರೆಂಟಿಗೆ ಈ ಬಿದಿರು ಹೋಗಬೇಕು. ಬೈಕಿನಲ್ಲಿ ಗುಡ್ಡದ ನೆತ್ತಿಗೆ ಹೋಗಿ, ಇನ್ಯಾವುದೋ ಊರಿನ ಟವರಿನ ಒಂದು ಗೆರೆ ಹಿಡಿದು, ಕೂಗಿ ಕೂಗಿ ಎಲ್‌ಸಿ ಕೇಳಿ ಬರುವ ಹೊತ್ತಿಗೆ ಒಂದೂವರೆ ತಾಸು. ಕಡಿಯಲು ನಾಲ್ಕು ಏಟು.

ಬಿದಿರಾದರೆ ಕಣ್ಣಿಗಾದರೂ ಕಾಣುತ್ತದೆ. ಸಿಡಿಲಿಗೆ ಕಂಬದ ಮೇಲಿನ ಪಿಂಗಾಣಿ ಇನ್ಸುಲೇಟರಿನಲ್ಲಿ ಕೂದಲೆಳೆಯ ಸೀಳು ಬಿಟ್ಟಿದ್ದರೆ ಕೆಳಗಿನಿಂದ ಗೊತ್ತೇ ಆಗುವುದಿಲ್ಲ. ಕಂಬ ಕಂಬ ಹತ್ತಬೇಕು.

ಹಾಗಾದರೆ ಕರೆಂಟಿನ ದೂರಿನ ನಂಬರ್ 1912ಕ್ಕೆ ಫೋನ್ ಮಾಡಿ ಪ್ರಯೋಜನವಿಲ್ಲವೇ?

ಇದೆ, ಮಾಡಿ. ಆದರೆ 'ಕರೆಂಟಿಲ್ಲ' ಎಂದಷ್ಟೇ ಹೇಳಬೇಡಿ, ಅದು ಅವರಿಗೆ ಗೊತ್ತಿರುತ್ತದೆ. ಎಷ್ಟು ಗಂಟೆಗೆ ಹೋಯಿತು, ಆ ಹೊತ್ತಿಗೆ ಯಾವ ದಿಕ್ಕಿನಲ್ಲಿ ಶಬ್ದ ಕೇಳಿತು ಅಥವಾ ಬೆಳಕು ಕಂಡಿತು, ಆಚೆ ಕೇರಿಯಲ್ಲಿ ಇದೆಯೋ ಇಲ್ಲವೋ, ಅದನ್ನು ಹೇಳಿ. ಊರಿನ ಸೆಕ್ಷನ್ ಆಫೀಸಿನ ನಂಬರನ್ನೂ ಮೇ ತಿಂಗಳಲ್ಲೇ ಗೋಡೆಯ ಮೇಲೆ ಬರೆದಿಡಿ. ಮೊಬೈಲಿನಲ್ಲಿ ಮಾತ್ರ ಇಟ್ಟುಕೊಂಡರೆ ಚಾರ್ಜ್ ಮುಗಿದಾಗ ಅದೂ ಹೋಯಿತು. ನಮ್ಮಲ್ಲಿ ಗಾಳಿ ನಿಂತ ಕೂಡಲೇ ಕೇರಿಯಿಂದ ಕೇರಿಗೆ ಕೂಗು ಹಾಕುವ ಪದ್ಧತಿ ಇನ್ನೂ ಇದೆ. "ನಿಮ್ಮಲ್ಲಿ ಕರೆಂಟ್ ಇದ್ದಾ?" "ಇಲ್ಲೆ ಮಾರಾಯಾ, ನಿನ್ನೆಯೇ ಹೋಜು." ಈ ಒಂದು ಮಾತಿನಿಂದಲೇ ತೊಂದರೆ ಟಿಸಿಯಲ್ಲೋ ಲೈನಿನಲ್ಲೋ ಎಂದು ಅರ್ಧ ತಿಳಿಯುತ್ತದೆ.

ಲೈನಿನ ಬದಿಯ ಮರಗಳನ್ನೆಲ್ಲ ಕಡಿದುಬಿಡಬಾರದೇ? ಇಲ್ಲವೇ ತಂತಿಯನ್ನು ನೆಲದೊಳಗೆ ಹಾಕಬಾರದೇ?

ಜಿಲ್ಲೆಯ ಮುಕ್ಕಾಲು ಪಾಲಿಗೂ ಮಿಗಿಲಾಗಿ ಕಾಡು. ಎಲ್ಲ ಕಡಿಯುವುದಾದರೆ ನಾವು ಇಲ್ಲಿ ಇರುವುದಾದರೂ ಯಾಕೆ? ಮಳೆಗಾಲಕ್ಕೆ ಮುಂಚೆ ಹೆರೆ ಸವರುವುದು ಸರಿಯಾದ ಕೆಲಸ, ಸರಿಯಾಗಿ ಮಾಡಿದ ವರ್ಷ ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ. ನಮ್ಮದೇ ಬೆಟ್ಟದ ಹೆರೆ ಲೈನಿಗೆ ಬಾಗಿದ್ದರೆ ಲೈನ್‌ಮನ್‌ಗೆ ಹೇಳಿ, ಲೈನ್ ಬಂದ್ ಮಾಡಿಸಿ ಕಡಿಸಬೇಕು. 'ಸೊಪ್ಪಿಗೆ ಬೇಕು, ಇರಲಿ' ಎಂದು ಬಿಟ್ಟವರು ನಾವೇ. ನೆಲದೊಳಗಿನ ಕೇಬಲ್ ಜಂಬಿಟ್ಟಿಗೆ ಕಲ್ಲು ಅಗೆದು ಹತ್ತಾರು ಕಿಲೋಮೀಟರ್ ಹಾಕುವುದೆಂದರೆ ಖರ್ಚು ಸಿಕ್ಕಾಪಟ್ಟೆ. ಮೇಲಿನ ತಂತಿಗೇ ರಬ್ಬರಿನ ಹೊದಿಕೆಯಂಥದು ಹಾಕಿದ ಲೈನುಗಳಿವೆ. ಎಲೆ ಸವರಿದ ಮಾತ್ರಕ್ಕೆ ಅವು ಟ್ರಿಪ್ ಆಗುವುದಿಲ್ಲ. ನನ್ನ ಮಟ್ಟಿಗೆ ಕಾಡೊಳಗಿನ ಊರುಗಳಿಗೆ ಅದೇ ದಾರಿ.

ಕರಾವಳಿಯಲ್ಲೂ ಇದೇ ಕತೆಯೇ?

ಕತೆ ಒಂದೇ, ಪಾತ್ರಗಳು ಬೇರೆ. ಅಲ್ಲಿ ತಂತಿಯ ಮೇಲೆ ಬೀಳುವುದು ತೆಂಗಿನ ಮಡ್ಲು ಮತ್ತು ಅಕೇಶಿಯಾ. ಬೇಗ ಬೆಳೆಯುತ್ತದೆಂದು ಎಲ್ಲೆಂದರಲ್ಲಿ ನೆಟ್ಟ ಈ ಅಕೇಶಿಯಾದ ಬೇರು ಆಳಕ್ಕಿಳಿಯುವುದಿಲ್ಲ, ಮೊದಲ ಗಾಳಿಗೇ ಬುಡಸಮೇತ ಮಲಗುತ್ತದೆ. ಇನ್ನೊಂದು ಪಾತ್ರ ಉಪ್ಪು. ಗಾಳಿ ತಂದ ಕಡಲ ಹನಿ ಇನ್ಸುಲೇಟರುಗಳ ಮೇಲೆ ಉಪ್ಪಿನ ಪದರ ಕಟ್ಟುತ್ತದೆ. ಜೋರು ಮಳೆ ಬಂದರೆ ತೊಳೆದುಹೋಗುತ್ತದೆ. ಬರೀ ತುಂತುರು ಬಂದರೆ ಆ ಉಪ್ಪು ಒದ್ದೆಯಾಗಿ ಕರೆಂಟಿಗೆ ಅಡ್ಡದಾರಿಯಾಗುತ್ತದೆ. ಮಾವನ ಮನೆಯ ಎದುರಿನ ಕಂಬದ ಮೇಲೆ ರಾತ್ರಿ ಹೊತ್ತು ಚರಚರ ಶಬ್ದದ ಜತೆ ನೀಲಿ ಕಿಡಿ ಕಾಣುವುದು ಅಂಥ ದಿನಗಳಲ್ಲೇ.

ಬೋಟಿನವರ ಮಟ್ಟಿಗೆ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ, ಕಾರವಾರದ ಬೈತಖೋಲ ಬಂದರಿನಲ್ಲಿ ಬೋಟುಗಳೆಲ್ಲ ಕಟ್ಟಿ ನಿಂತಿರುತ್ತವೆ. ತೊಂದರೆ ಆಮೇಲೆ. 2019ರ ಅಕ್ಟೋಬರಿನಲ್ಲಿ ಕ್ಯಾರ್ ಚಂಡಮಾರುತ ಎದ್ದಾಗ ಹೊರ ರಾಜ್ಯದ ಬೋಟುಗಳೂ ಕಾರವಾರಕ್ಕೆ ಓಡಿ ಬಂದು ಆಶ್ರಯ ಪಡೆದವು. ಇಲ್ಲಿನ ಕೊಲ್ಲಿಗೆ ಗುಡ್ಡ ಮತ್ತು ನಡುಗಡ್ಡೆಗಳ ಮರೆಯಿದೆ.

ಸಮುದ್ರದೊಳಗೆ ಇರುವವರಿಗೆ ಗಾಳಿಯ ಸುದ್ದಿ ಮುಟ್ಟುವುದು ಹೇಗೆ?

ದಡ ಕಣ್ಣಿಗೆ ಮರೆಯಾಗುವ ಹೊತ್ತಿಗೆ ಮೊಬೈಲಿನ ಆಟ ಮುಗಿದಿರುತ್ತದೆ. ಬೋಟಿನಲ್ಲಿ ವಿಎಚ್‌ಎಫ್ ವೈರ್‌ಲೆಸ್ ಇರುತ್ತದೆ. ಅಪಾಯದ ಕರೆಗೆ 16ನೇ ಚಾನೆಲ್. ಈಚೆಗೆ ಉಪಗ್ರಹದ ಮೂಲಕ ಕೆಲಸ ಮಾಡುವ ಟ್ರಾನ್ಸ್‌ಪಾಂಡರುಗಳನ್ನು ಕೇಂದ್ರ ಸರ್ಕಾರ ಉಚಿತವಾಗಿ ಕೊಡಿಸುತ್ತಿದೆ. ದೇಶದ ಕರಾವಳಿಗೆ ಒಟ್ಟು 1 ಲಕ್ಷ ಎಂಬ ಗುರಿ. ಟವರಿಲ್ಲದ ಕಡೆಗೂ ಅದರಲ್ಲಿ ಎಚ್ಚರಿಕೆಯ ಸಂದೇಶ ಬರುತ್ತದೆ. ಬಂದರಿನಲ್ಲಿ 3ನೇ ನಂಬರಿನ ಗುರುತು ಏರಿಸಿದ್ದಾರೆಂದರೆ ಬಿರುಗಾಳಿ ಬರುವಂತಿದೆ ಎಂದರ್ಥ. ಹಳಬರು ಇದನ್ನೇ ನಂಬುತ್ತಾರೆ, ಅದಕ್ಕೆ ಚಾರ್ಜಿಂಗ್ ಬೇಡ.

ಗಾಳಿಗೆ ರೈಲು ನಿಲ್ಲುತ್ತದೆಯೇ?

ನಿಲ್ಲಿಸುತ್ತಾರೆ. ಹೊನ್ನಾವರದಲ್ಲಿ ಶರಾವತಿಯ ಮೇಲಿನ ಸೇತುವೆ ಎರಡು ಕಿಲೋಮೀಟರಿಗೂ ಉದ್ದ, ಕೊಂಕಣ ರೈಲ್ವೆಯಲ್ಲೇ ಎಲ್ಲಕ್ಕಿಂತ ಉದ್ದದ್ದು. ಅಲ್ಲಿ ಗಾಳಿಯ ವೇಗ ಅಳೆಯುವ ಯಂತ್ರ ಕೂರಿಸಿದ್ದಾರೆ. ಮಿತಿ ಮೀರಿದರೆ ಗಾಡಿಯನ್ನು ತಡೆಯುತ್ತಾರೆ. ಮಳೆಗಾಲಕ್ಕೆ ವೇಳಾಪಟ್ಟಿಯೇ ಬೇರೆ, ವೇಗ ಕಡಿಮೆ.

ನಮ್ಮ ಮನೆಗೆ ಫೈಬರ್ ಬಂದಿದೆ. ಗಾಜಿನ ಎಳೆಯಲ್ಲಿ ಬೆಳಕು ಹೋಗುವುದಲ್ಲವೇ, ಕರೆಂಟಿಗೂ ಅದಕ್ಕೂ ಏನು ಸಂಬಂಧ?

ಎಳೆಗೆ ಕರೆಂಟು ಬೇಡ. ಎಳೆಯ ಎರಡು ತುದಿಯ ಪೆಟ್ಟಿಗೆಗಳಿಗೆ ಬೇಕು. ಹಳೆಯ ಲ್ಯಾಂಡ್‌ಲೈನ್ ಕರೆಂಟು ಹೋದರೂ ಮಾತಾಡುತ್ತಿತ್ತಲ್ಲ, ಅದಕ್ಕೆ ಕಾರಣ ಎಕ್ಸ್‌ಚೇಂಜಿನ 48 ವೋಲ್ಟ್ ಬ್ಯಾಟರಿಯ ವಿದ್ಯುತ್ತು ತಾಮ್ರದ ತಂತಿಯಲ್ಲೇ ಮನೆಯವರೆಗೆ ಬರುತ್ತಿತ್ತು. ಗಾಜಿನಲ್ಲಿ ವಿದ್ಯುತ್ತು ಬರುವುದಿಲ್ಲ. ಹಾಗಾಗಿ ಮೋಡೆಮ್ಮಿಗೆ ನೀವೇ ಅನ್ನ ಹಾಕಬೇಕು.

ನಮ್ಮ ಕಡೆ ಫೈಬರನ್ನೂ ಹೆಚ್ಚಾಗಿ ಕರೆಂಟ್ ಕಂಬದಿಂದ ಕಂಬಕ್ಕೆ, ಎಷ್ಟೋ ಕಡೆ ಮರದಿಂದ ಮರಕ್ಕೆ ಕಟ್ಟಿಕೊಂಡು ಬಂದಿದ್ದಾರೆ. ಮರ ಬಿದ್ದರೆ ಎರಡೂ ಒಟ್ಟಿಗೇ ಹೋಗುತ್ತವೆ. ಮೋಡೆಮ್ಮಿನ ದೀಪ ನೋಡಲು ಕಲಿಯಿರಿ. ಎಲ್‌ಒಎಸ್ ಎಂಬಲ್ಲಿ ಕೆಂಪು ಮಿಣುಕುತ್ತಿದ್ದರೆ ಬೆಳಕೇ ಬರುತ್ತಿಲ್ಲ: ಕೇಬಲ್ ತುಂಡಾಗಿದೆ, ಇಲ್ಲವೇ ಆಚೆ ತುದಿಯ ಪೆಟ್ಟಿಗೆ ಸತ್ತಿದೆ. ಪಿಒಎನ್ ಹಸಿರು ಸ್ಥಿರವಾಗಿದ್ದೂ ನೆಟ್ ಇಲ್ಲವೆಂದರೆ ತೊಂದರೆ ಇನ್ನೂ ಮೇಲೆ, ನಿಮ್ಮ ಕೈಯಲ್ಲಿ ಏನೂ ಇಲ್ಲ. ತುಂಡಾದ ಫೈಬರನ್ನು ನೀವೇ ಗಂಟು ಹಾಕಲು ಹೋಗಬೇಡಿ. ನಮ್ಮ ಪಕ್ಕದ ಮನೆಯವರು ಬಾಳೆಪಟ್ಟೆಯಲ್ಲಿ ಕಟ್ಟಿದ್ದರು.

ಮನೆಯಿಂದ ಕೆಲಸ ಮಾಡುವವರು ಏನೇನು ಇಟ್ಟುಕೊಳ್ಳಬೇಕು?

ಮೋಡೆಮ್ ತಿನ್ನುವುದು ಹತ್ತು ವ್ಯಾಟ್ ಆಸುಪಾಸು. ಬಹುತೇಕ ಮೋಡೆಮ್‌ಗಳು ನಡೆಯುವುದು 12 ವೋಲ್ಟಿನಲ್ಲಿ. ಅಂಗಡಿಯಲ್ಲಿ ಮಿನಿ ಯುಪಿಎಸ್ ಎಂಬ ಅಂಗೈಯಗಲದ ಡಬ್ಬಿ ಸಿಗುತ್ತದೆ, ಮೂರು ನಾಲ್ಕು ತಾಸು ತಳ್ಳುತ್ತದೆ. ಬರೀ ಮೋಡೆಮ್ಮಿಗಾಗಿ ದೊಡ್ಡ ಇನ್ವರ್ಟರನ್ನು ಹಗಲೂ ರಾತ್ರಿ ಇಟ್ಟರೆ ಬ್ಯಾಟರಿಯಲ್ಲಿ ಮೋಡೆಮ್ ತಿಂದಷ್ಟನ್ನು ಇನ್ವರ್ಟರ್ ತಾನೇ ತಿನ್ನುತ್ತದೆ. ನಾನು ರಾತ್ರಿ ಇನ್ವರ್ಟರನ್ನೂ ಬಂದ್ ಮಾಡುತ್ತೇನೆ. ಸೋಲಾರ್ ಇದೆಯಲ್ಲ ಎನ್ನಬೇಡಿ. ಪುನರ್ವಸು ಮಳೆಯಲ್ಲಿ ಸೂರ್ಯನೂ ವ್ಯಾಪ್ತಿ ಪ್ರದೇಶದ ಹೊರಗಿರುತ್ತಾನೆ.

ಸಿಮ್ ಎರಡು ಬೇರೆ ಕಂಪನಿಯವು ಇರಲಿ, ಆದರೆ ಎರಡೂ ಒಂದೇ ಟವರಿನ ಮೇಲಿದ್ದರೆ ಎರಡೂ ಒಟ್ಟಿಗೇ ಸಾಯುತ್ತವೆ, ಮೊದಲೇ ವಿಚಾರಿಸಿ. ಫೋನಿನಲ್ಲಿ ವೈಫೈ ಕಾಲಿಂಗ್ ಹಾಕಿಡಿ, ಟವರ್ ಸತ್ತು ಫೈಬರ್ ಬದುಕಿರುವ ದಿನಗಳಲ್ಲಿ ಮಾಮೂಲಿ ನಂಬರಿನಲ್ಲೇ ಮಾತಾಡಬಹುದು. ಸಿಗ್ನಲ್ ಹುಡುಕಿ ಹುಡುಕಿ ಫೋನಿನ ಬ್ಯಾಟರಿ ಬೇಗ ಇಳಿಯುತ್ತದೆ, ಇಲ್ಲವೆಂದು ಖಾತ್ರಿಯಾದರೆ ಏರೋಪ್ಲೇನ್ ಮೋಡಿಗೆ ಹಾಕಿ. ವಾಟ್ಸಾಪ್ ಹೋಗದಿದ್ದರೂ ಎಸ್ಸೆಮ್ಮೆಸ್ ಒಮ್ಮೊಮ್ಮೆ ನುಸುಳುತ್ತದೆ. ತುರ್ತಾದರೆ 112 ಒತ್ತಿ, ನಿಮ್ಮ ಕಂಪನಿಯ ಸಿಗ್ನಲ್ ಇಲ್ಲದಿದ್ದರೂ ಬೇರೆ ಕಂಪನಿಯ ಟವರ್ ಸಿಕ್ಕರೆ ಕರೆ ಹೋಗುತ್ತದೆ.

ಎಲ್ಲಕ್ಕಿಂತ ಮೊದಲು ಕಚೇರಿಯವರಿಗೆ ಮೇ ತಿಂಗಳಲ್ಲೇ ಹೇಳಿಡಿ. 'ಮರ ಬಿತ್ತು' ಎಂದರೆ ನಮ್ಮ ಮ್ಯಾನೇಜರು ಮೊದಲ ವರ್ಷ ನಂಬಲಿಲ್ಲ. ಎರಡನೇ ವರ್ಷ ಫೋಟೋ ಕಳಿಸಿದೆ, ಆ ಫೋಟೋ ಹೋಗಿ ಮುಟ್ಟಲು ಮೂರು ದಿನ ಹಿಡಿಯಿತು.

ಉಪಗ್ರಹದ ಇಂಟರ್ನೆಟ್ ಹಾಕಿಸಿದರೆ ಎಲ್ಲ ಸರಿಹೋಗುತ್ತದೆಯೇ?

ಕಂಬ, ಮರ, ಟವರ್ ಯಾವುದೂ ಅಡ್ಡ ಬರುವುದಿಲ್ಲ, ನಿಜ. 36,000 ಕಿ.ಮೀ. ಮೇಲಿನ ಹಳೆಯ ನಮೂನೆಯ ಉಪಗ್ರಹವಾದರೆ ಪ್ರಶ್ನೆ ಹೋಗಿ ಉತ್ತರ ಬರಲು ಅರ್ಧ ಸೆಕೆಂಡು ಬೇಕು, ಮಾತು ತೊದಲುತ್ತದೆ. ಕೆಳಗೆ ಸುತ್ತುವವುಗಳಲ್ಲಿ ಆ ತೊಂದರೆಯಿಲ್ಲ, ಆದರೆ ಅವಕ್ಕೆ ಆಕಾಶ ಅಗಲವಾಗಿ ಕಾಣಬೇಕು. ಸುತ್ತ ನೂರಡಿ ಮರಗಳಿರುವ ಅಂಗಳದಲ್ಲಿ ಆಕಾಶ ಎಷ್ಟು ಕಾಣುತ್ತದೆಂದು ಒಮ್ಮೆ ತಲೆಯೆತ್ತಿ ನೋಡಿ. ಜಡಿಮಳೆಯಲ್ಲಿ ಡಿಶ್ ಟಿವಿ ಚುಕ್ಕೆ ಚುಕ್ಕೆಯಾಗುತ್ತದಲ್ಲ, ಆ ಕಾಟ ಇದಕ್ಕೂ ಇದೆ. ಅದಕ್ಕೂ ಪ್ಲಗ್ ಬೇಕು.

ಕರೆಂಟು, ನೆಟ್ ಎರಡೂ ಇಲ್ಲದೆ ಮೂರು ದಿನ ಹೇಗೆ ಕಳೆಯುತ್ತೀರಿ?

ನೀರಿಗೆ ನಮ್ಮಲ್ಲಿ ತೊಂದರೆಯಿಲ್ಲ. ಮೇಲಿನ ಅಬ್ಬಿಯಿಂದ ಪೈಪಿನಲ್ಲಿ ತಾನಾಗಿ ಇಳಿದು ಬರುತ್ತದೆ, ಪಂಪು ಬೇಡ. ಬಾವಿ–ಪಂಪು ನಂಬಿದವರು ಹಗ್ಗ–ಕೊಡಪಾನ ಹುಡುಕುತ್ತಾರೆ. ಮಿಕ್ಸಿ ನಿಂತರೆ ಒರಳು, ಅದಕ್ಕೆ ಅಮ್ಮ ಇರಬೇಕು. ಕಷ್ಟವಾಗುವುದು ಹೊಸ ಅಭ್ಯಾಸಗಳಿಗೆ. ನ್ಯಾಯಬೆಲೆ ಅಂಗಡಿಯಲ್ಲಿ ಹೆಬ್ಬೆಟ್ಟು ತೆಗೆದುಕೊಳ್ಳಲು ಸರ್ವರ್ ಬೇಕು, ಅಕ್ಕಿ ಕಣ್ಣೆದುರೇ ಇದ್ದರೂ ಕೊಡುವಂತಿಲ್ಲ. ಅಂಗಡಿಯಲ್ಲಿ ಮೊಬೈಲಿನಲ್ಲಿ ದುಡ್ಡು ಹೋಗುವುದಿಲ್ಲ, ಕಿಸೆಯಲ್ಲಿ ನೋಟಿಲ್ಲ. ಹಳೆಯ ಉದ್ರಿ ಪುಸ್ತಕ ಹೊರಬರುತ್ತದೆ. ಶಾಲೆಗೆ ರಜೆ ಕೊಟ್ಟ ಸುದ್ದಿ ಬರುವುದು ವಾಟ್ಸಾಪಿನಲ್ಲಿ, ಹಾಗಾಗಿ ಮಕ್ಕಳು ನೆನೆದುಕೊಂಡು ಶಾಲೆಯವರೆಗೆ ಹೋಗಿ, ಬೀಗ ನೋಡಿ ವಾಪಸು ಬರುತ್ತಾರೆ. ಸೆಲ್ಲಿನ ರೇಡಿಯೋ ಒಂದಿರಲಿ. ಧಾರವಾಡ ಆಕಾಶವಾಣಿಯ 765 ಕಿಲೋಹರ್ಟ್ಸ್ ಗುಡ್ಡ ದಾಟಿ ಬರುತ್ತದೆ, ಗೊರಗೊರ ಶಬ್ದದ ಜತೆಗೆ.

ತಂತಿ ತುಂಡಾಗಿ ಬಿದ್ದಿದ್ದರೆ?

ಹತ್ತಿರ ಹೋಗಬೇಡಿ, ದನವನ್ನೂ ಬಿಡಬೇಡಿ. ಕರೆಂಟು ಹೋಗಿದೆಯಲ್ಲ ಎಂಬ ಧೈರ್ಯ ಬೇಡ. ಯಾವ ಕ್ಷಣದಲ್ಲೂ ಚಾರ್ಜ್ ಮಾಡಬಹುದು. ಒದ್ದೆ ನೆಲದಲ್ಲಿ ತಂತಿ ಮುಟ್ಟದಿದ್ದರೂ ಅಪಾಯವಿದೆ. ಒಬ್ಬರನ್ನು ಕಾವಲು ನಿಲ್ಲಿಸಿ, ಇನ್ನೊಬ್ಬರು ಸುದ್ದಿ ಮುಟ್ಟಿಸಿ. ಬಾಡಿಗೆ ಜನರೇಟರ್ ತಂದು ಮನೆಯ ಪ್ಲಗ್ಗಿಗೆ ನೇರ ಸಿಕ್ಕಿಸುವವರಿಗೂ ಒಂದು ಮಾತು: ಮೇನ್ ಬಂದ್ ಮಾಡದಿದ್ದರೆ ನಿಮ್ಮ ಕರೆಂಟು ಹಿಮ್ಮುಖವಾಗಿ ಟಿಸಿಗೆ ಹೋಗಿ, ಅಲ್ಲಿ ಸಾವಿರಾರು ವೋಲ್ಟಾಗಿ, ಎಲ್‌ಸಿ ತೆಗೆದುಕೊಂಡು ಕಂಬ ಹತ್ತಿದ ಆ ವಿಜಯಪುರದ ಹುಡುಗನ ಕೈಗೆ ಸಿಗುತ್ತದೆ.

ಊರಲ್ಲಿ ಅಪ್ಪ–ಅಮ್ಮ ಇಬ್ಬರೇ. ಕರೆಂಟು ಬಂತೋ ಇಲ್ಲವೋ ಬೆಂಗಳೂರಿನಲ್ಲಿ ತಿಳಿಯುವುದು ಹೇಗೆ?

ಒಂದೇ ಸಮ ಫೋನ್ ಮಾಡುತ್ತ ಕೂರಬೇಡಿ. ವಾಟ್ಸಾಪಿನಲ್ಲಿ 'ಊಟ ಆಯ್ತಾ?' ಎಂದು ಒಂದು ಸಾಲು ಹಾಕಿಡಿ. ಒಂದೇ ಗುರುತಿದ್ದರೆ ಇನ್ನೂ ಇಲ್ಲ. ಎರಡು ಗುರುತು ಬಿದ್ದರೆ ನೆಟ್‌ವರ್ಕ್ ಬಂದಿದೆ, ಫೋನ್ ಚಾರ್ಜಾಗಿದೆ. ಆಗಲೂ ತಕ್ಷಣ ಕರೆ ಮಾಡಬೇಡಿ, ಅರ್ಧ ತಾಸು ಬಿಡಿ. ಆ ಹೊತ್ತಿಗೆ ಅಮ್ಮ ಮೂರು ದಿನದ ಅಕ್ಕಿ–ಉದ್ದು ನೆನೆಸಿಟ್ಟದ್ದನ್ನು ಮಿಕ್ಸಿಗೆ ಹಾಕಿರುತ್ತಾರೆ, ನೀವು ಕೂಗಿದರೂ ಕೇಳುವುದಿಲ್ಲ.